ನಮ್ಮ ವಂಶದಲ್ಲೇ ಇಲ್ಲ

ಮಲ್ಲತ್ತಹಳ್ಳಿ ಕೆರೆಯಿಂದ ಎರಡು ಬೀದಿ ಈಚೆಗೆ ಚನ್ನಕೇಶವನ ಮೂರಂತಸ್ತಿನ ಮನೆ. ಅಪ್ಪನ ಕಾಲಕ್ಕೆ ಆ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದರು, ಮಗನ ಕಾಲಕ್ಕೆ ಬಾಡಿಗೆ ಬೆಳೆಯಿತು. ಮೇಲಿನ ಎರಡು ಅಂತಸ್ತಿನಲ್ಲಿ ಕಾಲೇಜು ಓದುವ ಹುಡುಗಿಯರು. ಕೆಳಗೆ ಚನ್ನಕೇಶವ, ಹೆಂಡತಿ ಕುಸುಮಾ, ಒಬ್ಬಳೇ ಮಗಳು ಸ್ಪಂದನ, ಮತ್ತು ಇವರೆಲ್ಲರ ಮೇಲೆ ಚನ್ನಕೇಶವನ ತಾಯಿ ಲಕ್ಷ್ಮಿದೇವಮ್ಮ. ಎಪ್ಪತ್ತೆಂಟರ ಲಕ್ಷ್ಮಿದೇವಮ್ಮನಿಗೆ ಕಣ್ಣು ಮಂಜಾಗಿತ್ತು. ಕಿವಿ ಮಾತ್ರ ಪಕ್ಕದ ಬೀದಿಯ ಜಗಳಕ್ಕೂ ಎದ್ದು ಕೂರುತ್ತಿತ್ತು.

ಆ ಮನೆಯ ದೇವರಕೋಣೆಯಲ್ಲಿ ದೇವರ ಪಟಗಳ ಕೆಳಗೆ ಮನುಷ್ಯರ ಪಟ ಎರಡಿದ್ದವು. ಒಂದು ಲಕ್ಷ್ಮಿದೇವಮ್ಮನ ಅಣ್ಣ ಗೂಳಪ್ಪನದು. ಇಪ್ಪತ್ನಾಲ್ಕಕ್ಕೇ ಸಂಸಾರ ಬೇಡವೆಂದು ಕಾಶಿಗೆ ಹೊರಟುಹೋದ ಪುಣ್ಯಾತ್ಮ. ಇನ್ನೊಂದು ಅವರ ಕಿರಿಯ ಮಗ ಮಧುಕುಮಾರನದು. ಒಂಬತ್ತು ವರ್ಷದ ಹಿಂದೆ, ಮೂವತ್ತೊಂದನೇ ವಯಸ್ಸಿಗೆ, ಹಾರ್ಟ್ ಅಟ್ಯಾಕಿನಲ್ಲಿ ಹೋದವನು. ಕುಸುಮಾ ದಿನಾ ಬೆಳಗ್ಗೆ ಎರಡಕ್ಕೂ ಹೂ ಬದಲಿಸುತ್ತಿದ್ದಳು. ಮೊದಲನೆಯ ಕಥೆ ಅವಳು ಹುಟ್ಟುವುದಕ್ಕೂ ಹಿಂದಿನದು. ಎರಡನೆಯದು ಸುಳ್ಳೆಂದು ಅವಳಿಗೆ ಗೊತ್ತಿತ್ತು, ಆ ಸುಳ್ಳು ಕಟ್ಟುವಾಗ ಅವಳೂ ಒಂದು ಕೈ ಹಾಕಿದ್ದಳು.

ಅವಳು ಸೊಸೆಯಾಗಿ ಬಂದಾಗ ಮಧು ಪಿಯುಸಿ ಓದುವ ಹುಡುಗ. ಅತ್ತಿಗೆ ಅತ್ತಿಗೆ ಎಂದು ಅಡುಗೆಮನೆಯಲ್ಲೇ ಇರುತ್ತಿದ್ದ. ಇಪ್ಪತ್ತೇಳಕ್ಕೆ ಅವನಿಗೆ ಕಾಯಿಲೆ ಬಂತು. ಮಲಗಿದನೆಂದರೆ ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಎದ್ದನೆಂದರೆ ಹಿಡಿಯುವವರಿಲ್ಲ. ನಿದ್ದೆಯಿಲ್ಲ, ಮಾತಿಗೆ ಕೊನೆಯಿಲ್ಲ, ಮೈಮೇಲಿನ ಶರ್ಟನ್ನೂ ಬಿಚ್ಚಿ ದಾನ ಮಾಡುವ ಹುಮ್ಮಸ್ಸು. ದೃಷ್ಟಿ ತೆಗೆದದ್ದಾಯಿತು, ತಾಯಿತ ಕಟ್ಟಿದ್ದಾಯಿತು, ತಡೆ ಒಡೆಸಿದ್ದಾಯಿತು. ಕೊನೆಗೆ ಕುಸುಮಾ ಯಾರಿಗೂ ಹೇಳದೆ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿಯ ಮಾತ್ರೆ ಹಿಡಿಯಿತು. ಎರಡು ವರ್ಷ ಮಧು ಎಲ್ಲರ ಹಾಗೆ ಇದ್ದ, ಬಿನ್ನಿಪೇಟೆಯಲ್ಲಿ ಟೈಲ್ಸ್ ಅಂಗಡಿ ನೋಡಿಕೊಂಡ. ಬಂದವರ ಕಣ್ಣಿಗೆ ಬೀಳಬಾರದೆಂದು ಅತ್ತೆ ಹೇಳಿದ್ದರಿಂದ ಕುಸುಮಾ ಆ ಮಾತ್ರೆಗಳನ್ನು ಖಾಲಿಯಾದ ಹಿಂಗಿನ ಡಬ್ಬಿಯಲ್ಲಿ ಇಡುತ್ತಿದ್ದಳು. "ಏನತ್ತಿಗೆ, ದಿನಾ ನಂಗೆ ಒಗ್ಗರಣೆ ಹಾಕ್ತಾ ಇದೀರ" ಎಂದು ಅವನು ಮೂಗು ಮುಚ್ಚಿಕೊಂಡು ನುಂಗುತ್ತಿದ್ದ.

ಆಮೇಲೆ ಹೆಣ್ಣು ಗೊತ್ತಾಯಿತು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ನಮ್ಮ ಜನ ನಗುವುದಕ್ಕೆ ಹೇಳುತ್ತಾರೆ. ಆ ಮನೆಯಲ್ಲಿ ಅದನ್ನು ವೈದ್ಯವೆಂದೇ ನಂಬಿದರು. "ಮದ್ವೆ ಗಂಡು ಮಾತ್ರೆ ನುಂಗ್ತಾನೆ ಅಂದ್ರೆ ಹೆಣ್ಣಿನ ಕಡೆಯವ್ರು ಏನಂದಾರು? ಮದ್ವೆ ಮುಗೀಲಿ, ಆಮೇಲೆ ನೋಡನ" ಎಂದರು ಲಕ್ಷ್ಮಿದೇವಮ್ಮ. ಡಬ್ಬಿಯನ್ನು ಕಸದ ಬುಟ್ಟಿಗೆ ಸುರಿದವಳು ಕುಸುಮಾ. ಅವಳ ಕೈಯೇ. ಏಳು ವಾರಕ್ಕೆ, ಲಗ್ನಪತ್ರಿಕೆ ಅಚ್ಚಾಗಿ ಬಂದ ಮೇಲೆ, ಮಧು ತಾನಾಗಿಯೇ ಪ್ರಾಣ ಕಳೆದುಕೊಂಡ. ಪರಿಚಯದ ಡಾಕ್ಟರೊಬ್ಬರು ಬಂದು ಹಾರ್ಟ್ ಎಂದು ಕಾಗದ ಬರೆದುಕೊಟ್ಟರು. ಮಧ್ಯಾಹ್ನದೊಳಗೆ ಮಣ್ಣು ಮಾಡಿದರು. ಅವನ ಹಾಸಿಗೆ, ಬಟ್ಟೆ, ಎಲ್ಲ ಸುಟ್ಟರು. ಆಸ್ಪತ್ರೆಯ ಫೈಲನ್ನೂ ಸುಡು ಎಂದು ಅತ್ತೆ ಹೇಳಿದಾಗ ಕುಸುಮಾ ಹೂಂ ಎಂದಳು, ಸುಡಲಿಲ್ಲ. ಅಕ್ಕಿ ಡ್ರಮ್ಮಿನ ಅಡಿಯಲ್ಲಿ ಇಟ್ಟಳು. ಯಾಕೆಂದು ಅವಳಿಗೇ ತಿಳಿಯದು.

ಅವತ್ತು ಅವಳಿಗೆ ಅಳು ಬರಲಿಲ್ಲ. ಆಮೇಲೂ ಬರಲಿಲ್ಲ. ಒಂಬತ್ತು ವರ್ಷ ಅಡುಗೆ ಮಾಡಿದಳು, ಬಟ್ಟೆ ಒಣಹಾಕಿದಳು, ಬಾಡಿಗೆ ಹುಡುಗಿಯರಿಗೆ ನೀರು ಹಾಳು ಮಾಡಬೇಡಿ ಎಂದು ಹೇಳಿದಳು. ಒಗ್ಗರಣೆಗೆ ಹಿಂಗು ಹಾಕುವುದನ್ನು ಮಾತ್ರ ನಿಲ್ಲಿಸಿದಳು. ಸಾರು ರುಚಿಯಿಲ್ಲವೆಂದು ಗಂಡ ಗೊಣಗಿದರೆ ಅವಳಿಗೆ ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ. ನಾಲಿಗೆ ಸತ್ತುಹೋಗಿತ್ತು.

ಈ ವರ್ಷ ಸ್ಪಂದನಳಿಗೆ ಇಪ್ಪತ್ತು. ನಾಗರಬಾವಿಯ ಕಡೆಯ ಕಾಲೇಜೊಂದರಲ್ಲಿ ಬಿಕಾಂ ಕೊನೆಯ ವರ್ಷ. ಯುಗಾದಿ ಕಳೆದ ಮೇಲೆ ಹುಡುಗಿ ಮೆಲ್ಲಗೆ ಆರಿಹೋದಳು. ಮೊದಲು ತಲೆ ಬಾಚುವುದು ಬಿಟ್ಟಳು, ಆಮೇಲೆ ಊಟ, ಆಮೇಲೆ ಕಾಲೇಜು. ಗೋಡೆಯ ಕಡೆ ಮುಖ ಮಾಡಿ ಮಲಗಿದ ಮಗಳಿಗೆ ಕುಸುಮಾ ಅನ್ನ ಕಲಸಿ ತಂದಳು.

"ಒಂದು ತುತ್ತು ತಿನ್ನೇ."

"ತಿಂದ್ರೂ ಅಷ್ಟೇ ಅಮ್ಮ. ಮಣ್ಣು ತಿಂದಂಗಿರುತ್ತೆ. ಬೇಜಾರೂ ಇಲ್ಲ, ದುಃಖಾನೂ ಇಲ್ಲ. ಏನೂ ಅನ್ಸಲ್ಲ. ನಂಗೆ ಏನೋ ಆಗಿದೆ ಅಮ್ಮ."

ಎಲ್ಲರಿಗೂ ಹಾಗೇ ಅಲ್ಲವೇ ಇರುವುದು ಎಂದು ಕುಸುಮಾಳ ಬಾಯಿಯ ತುದಿಗೆ ಬಂದಿತ್ತು. ನುಂಗಿಕೊಂಡು ತಟ್ಟೆ ಎತ್ತಿಕೊಂಡು ಹೋದಳು.

ಲಕ್ಷ್ಮಿದೇವಮ್ಮ ಮೊಮ್ಮಗಳಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿದರು. "ಮೂರು ಹೊತ್ತೂ ಆ ಮೊಬೈಲು ಕಣ್ಣಿಗೆ ಒತ್ಕೊಂಡ್ರೆ ಇನ್ನೇನಾದಾತು? ನಮ್ಮ ಕಾಲದಲ್ಲಿ ಕಳೆ ಕೀಳಕ್ಕೆ ಹೋಗ್ತಿದ್ವಿ, ಬೇಜಾರು ಪಡಕ್ಕೆ ಪುರುಸೊತ್ತೇ ಇರ್ಲಿಲ್ಲ. ಈ ಡಿಪ್ರೆಸನ್ನು ಗಿಪ್ರೆಸನ್ನು ಎಲ್ಲ ಉಂಡು ಮಿಕ್ಕಿದವ್ರಿಗೆ ಬರೋದು. ನಮ್ಮ ವಂಶದಲ್ಲೇ ಇಲ್ಲ."

ಇಷ್ಟಕ್ಕೇ ನಿಲ್ಲುತ್ತಿತ್ತೋ ಏನೋ. ಆದರೆ ಕಾಲೇಜಿನಿಂದ ನೋಟಿಸು ಬಂತು. ಹಾಜರಾತಿ ಕಮ್ಮಿಯಿದೆ, ಡಾಕ್ಟರ ಸರ್ಟಿಫಿಕೇಟು ತರದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಮಗಳ ಮನಸ್ಸಿಗಾಗಿ ಅಲುಗದ ಚನ್ನಕೇಶವ ಮಗಳ ಹಾಜರಾತಿಗಾಗಿ ಎದ್ದ. ನಾಗರಬಾವಿಯಲ್ಲಿ ಯಾರಾದರೂ ನೋಡಿಬಿಟ್ಟಾರೆಂದು ರಾಜಾಜಿನಗರದ ಒಬ್ಬ ಮನೋವೈದ್ಯೆಯನ್ನು ಗೊತ್ತುಮಾಡಿದ. ಕಾರನ್ನು ಎರಡು ರಸ್ತೆ ಆಚೆ, ಬಟ್ಟೆ ಅಂಗಡಿಯೊಂದರ ಮುಂದೆ ನಿಲ್ಲಿಸಿದ. ಸೀರೆ ಕೊಳ್ಳಲು ಬಂದವರಂತೆ ಮೂವರೂ ನಡೆದುಕೊಂಡು ಹೋದರು.

ಡಾಕ್ಟರ್ ಸ್ಮೃತಿ ನಲವತ್ತರ ಆಚೀಚಿನ ಹೆಂಗಸು. ಅವಸರವಿಲ್ಲದ ಮಾತು. ಸ್ಪಂದನಳೊಬ್ಬಳ ಜೊತೆಯೇ ಅರ್ಧ ಗಂಟೆ ಮಾತಾಡಿ, ಆಮೇಲೆ ಅಪ್ಪ ಅಮ್ಮನನ್ನು ಒಳಗೆ ಕರೆದರು.

"ಮನೇಲಿ, ಎರಡೂ ಕಡೆ, ಯಾರಿಗಾದ್ರೂ ಈ ಥರ ತೊಂದ್ರೆ ಇತ್ತಾ? ತುಂಬಾ ಮಂಕಾಗೋದು, ಇಲ್ಲಾ ನಿದ್ದೇನೇ ಇಲ್ದೆ ವಿಪರೀತ ಉತ್ಸಾಹ, ಆತ್ಮಹತ್ಯೆ ಅಂಥದ್ದು? ಯೋಚ್ನೆ ಮಾಡಿ ಹೇಳಿ, ಯಾವ ಔಷಧಿ ಕೊಡ್ಬೇಕು ಅನ್ನೋದು ಅದ್ರ ಮೇಲಿದೆ."

ಚನ್ನಕೇಶವ ಯೋಚನೆ ಮಾಡಲಿಲ್ಲ. "ಇಲ್ಲ ಮೇಡಂ. ನಮ್ಮ ವಂಶದಲ್ಲೇ ಇಲ್ಲ."

ಡಾಕ್ಟರು ಕುಸುಮಾಳ ಕಡೆ ನೋಡಿದರು. ಕುಸುಮಾ ಮೇಜಿನ ಮೇಲಿದ್ದ ಕ್ಯಾಲೆಂಡರ್ ನೋಡುತ್ತಿದ್ದಳು. ತಲೆ ಅಲ್ಲಾಡಿಸಿದಳೋ ಇಲ್ಲವೋ ಅವಳಿಗೂ ನೆನಪಿಲ್ಲ. ಡಾಕ್ಟರು ಇಲ್ಲ ಎಂದು ಬರೆದುಕೊಂಡರು.

"ಇನ್ನೊಂದು ಮೇಡಂ" ಎಂದ ಚನ್ನಕೇಶವ. "ಸರ್ಟಿಫಿಕೇಟಲ್ಲಿ ಟೈಫಾಯ್ಡ್ ಅಂತ ಬರ್ದುಬಿಡಿ. ಹೆಣ್ಣುಮಗು ನೋಡಿ."

"ಇಲ್ದಿರೋ ಕಾಯಿಲೆ ನಾನು ಬರ್ಯಲ್ಲ ಸಾರ್. ಇರೋ ಕಾಯಿಲೆಗೆ ನಾಚ್ಕೋಬೇಕಾಗಿಯೂ ಇಲ್ಲ. ಶುಗರ್ ಇದ್ರೆ ನಾಚ್ಕೋತೀರಾ? ಚಿಕಿತ್ಸೆಯಲ್ಲಿದ್ದಾರೆ ಅಂತ ಬರ್ಕೊಡ್ತೀನಿ, ಕಾಲೇಜಿಗೆ ಅಷ್ಟು ಸಾಕು." ಮಂಕು ಕಳೆಯುವ ಮಾತ್ರೆ ಬರೆದ ಚೀಟಿಯ ಹಿಂದೆ ತಮ್ಮ ಮೊಬೈಲ್ ನಂಬರು ಬರೆದು ಕುಸುಮಾಳ ಕೈಗೆ ಕೊಟ್ಟರು. "ಏನಾದ್ರೂ ಬದಲಾವಣೆ ಕಂಡ್ರೆ, ಒಳ್ಳೇ ಬದಲಾವಣೆ ಅನ್ಸಿದ್ರೂ ಸರಿ, ಫೋನ್ ಮಾಡಿ."

ಮೂರು ವಾರಕ್ಕೆ ಬದಲಾವಣೆ ಬಂತು. ಸ್ಪಂದನ ಎದ್ದಳು, ತಲೆಗೆ ಸ್ನಾನ ಮಾಡಿದಳು, ಅಜ್ಜಿಯ ಕೆನ್ನೆ ಹಿಂಡಿದಳು. ಲಕ್ಷ್ಮಿದೇವಮ್ಮ ಮನೆದೇವರಿಗೆ ಮುಡಿಪು ಕಟ್ಟಿಟ್ಟರು. "ನೋಡಿದ್ಯಾ, ಉಪ್ಪು ಮೆಣಸಿನಕಾಯಿಗಿರೋ ಶಕ್ತಿ ನಿನ್ನ ಡಾಕ್ಟ್ರಿಗಿಲ್ಲ" ಎಂದು ಮಗನಿಗೆ ಹೇಳಿದರು. ಹುಡುಗಿ ಹುಷಾರಾದಾಗಲೇ ಒಂದು ಕಡೆ ಸೇರಿಸಿಬಿಡೋಣ ಎಂದು ಕೆಂಗೇರಿ ಉಪನಗರದ ಒಂದು ಸಂಬಂಧಕ್ಕೆ ಹೇಳಿಕಳಿಸಿದರು. ಭಾನುವಾರ ಬರುತ್ತೇವೆಂದು ಅವರು ತಿಳಿಸಿದರು.

ಮನೆಯೆಲ್ಲ ನಗುತ್ತಿದ್ದಾಗ ಕುಸುಮಾ ಒಬ್ಬಳೇ ಮಗಳನ್ನು ಕದ್ದು ಕದ್ದು ನೋಡುತ್ತಿದ್ದಳು. ಶುಕ್ರವಾರ ಬೆಳಗ್ಗೆ ಬಾಗಿಲು ತೆಗೆದರೆ ಗೇಟಿನಿಂದ ಶುರುವಾದ ರಂಗೋಲಿ ಪಕ್ಕದ ಮನೆ ದಾಟಿ, ಅದರಾಚೆಯ ಮನೆ ದಾಟಿ, ಬೀದಿಯ ತಿರುವಿನ ತನಕ ಹೋಗಿತ್ತು. ಅಲ್ಲಿ ಸ್ಪಂದನ ಮಂಡಿಯೂರಿ ಕೂತು ಇನ್ನೂ ಹಾಕುತ್ತಿದ್ದಳು. ಹಾಲಿನವನು ಸ್ಕೂಟರ್ ನಿಲ್ಲಿಸಿ ನೋಡುತ್ತಿದ್ದ.

"ಅಮ್ಮಾ, ನಿದ್ದೆ ಎಲ್ಲ ವೇಸ್ಟ್ ಗೊತ್ತಾ? ಎರಡು ದಿನದಿಂದ ಮಲ್ಗಿಲ್ಲ, ಎಷ್ಟು ಫ್ರೆಶ್ ಆಗಿದೀನಿ ನೋಡು. ಮೇಲಿನ ಮನೆ ಹುಡ್ಗೀಗೆ ನನ್ನ ಸ್ಕೂಟಿ ಕೊಟ್ಬಿಟ್ಟೆ, ಪಾಪ ಅವ್ಳಿಗೆ ಗಾಡಿ ಇಲ್ಲ. ನಂಗಿನ್ನು ಏನೂ ಬೇಡ. ಯಾವ ಭಯಾನೂ ಇಲ್ಲ."

ಮಧು ಬೈಕು ಕೊಟ್ಟಿದ್ದು ಅಂಗಡಿಯ ಕೆಲಸದವನಿಗೆ. ಅವನ ಕಣ್ಣೂ ಹೀಗೇ ಹೊಳೆಯುತ್ತಿತ್ತು. ಕುಸುಮಾ ಒಳಗೆ ಹೋಗಿ ಗಂಡನಿಗೆ ಹೇಳಿದಳು.

"ರೀ, ಇದು ಹುಷಾರಾಗಿರೋದಲ್ಲ. ಮಧುಗೂ ಹಿಂಗೇ ಆಗ್ತಿತ್ತು. ಡಾಕ್ಟ್ರಿಗೆ ಫೋನ್ ಮಾಡನ."

ಚನ್ನಕೇಶವ ಗಡ್ಡಕ್ಕೆ ಸೋಪು ಹಚ್ಚುತ್ತಿದ್ದವನು ಕನ್ನಡಿಯಲ್ಲೇ ಅವಳನ್ನು ನೋಡಿದ. "ಆ ಹೆಸ್ರು ಈಗ್ಯಾಕೆ? ಮಲ್ಗಿದ್ರೂ ನಿಂಗೆ ಕಷ್ಟ, ಎದ್ರೂ ಕಷ್ಟ. ಭಾನುವಾರ ಮುಗೀಲಿ, ಆಮೇಲೆ ನೋಡನ."

ಮದ್ವೆ ಮುಗೀಲಿ, ಆಮೇಲೆ ನೋಡನ. ಅವತ್ತೂ ಅವಳು ಹೂಂ ಎಂದಿದ್ದಳು. ಇವತ್ತೂ ಬಾಯಿಂದ ಹೂಂ ಎಂದೇ ಬಂತು. ಅಭ್ಯಾಸ ದೊಡ್ಡದು. ಎದೆ ಹೊಡೆದುಕೊಳ್ಳಬೇಕಿತ್ತು, ಹೊಡೆದುಕೊಳ್ಳಲಿಲ್ಲ. ಕೈ ತನ್ನ ಪಾಡಿಗೆ ಕೊತ್ತಂಬರಿ ಬಿಡಿಸುತ್ತಿತ್ತು. ತನಗೆ ಭಯವಾಗುತ್ತಿದೆ ಎಂಬುದು ಅವಳಿಗೆ ಯಾರೋ ಹೇಳಿದ ಸುದ್ದಿಯ ಹಾಗೆ ಗೊತ್ತಿತ್ತು, ಅಷ್ಟೇ.

ಭಾನುವಾರ ಗಂಡಿನ ಕಡೆಯವರು ಆರು ಜನ ಬಂದರು. ಮಾತೆಲ್ಲ ಗಂಡಿನ ದೊಡ್ಡಪ್ಪ ನಾಗೇಂದ್ರನದು. ನಿವೃತ್ತ ಮೇಷ್ಟ್ರು, ಎಲ್ಲವನ್ನೂ ಕೇಳಿ ತಿಳಿದುಕೊಳ್ಳುವ ಸ್ವಭಾವ. ಸ್ಪಂದನ ಕಾಫಿ ತಂದವಳು ಒಳಗೆ ಹೋಗಲಿಲ್ಲ. ಅಲ್ಲೇ ಕೂತು ಮೆಟ್ರೋ ಮುಂದುವರಿಸುವುದು ಹೇಗೆ, ಕೆರೆ ಸ್ವಚ್ಛ ಮಾಡುವುದು ಹೇಗೆ ಎಂದು ಉಸಿರು ತೆಗೆದುಕೊಳ್ಳದೆ ಹೇಳತೊಡಗಿದಳು.

"ಚೂಟಿ ಹುಡ್ಗಿ" ಎಂದು ನಾಗೇಂದ್ರ ಮೆಚ್ಚಿಕೊಂಡ. ಕೇಸರಿಬಾತಿನ ತಟ್ಟೆ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡ. "ತಪ್ಪು ತಿಳ್ಕೋಬೇಡಿ ಚನ್ನಕೇಶವ್ ಅವ್ರೇ. ಒಂದು ವಿಷ್ಯ ಕೇಳ್ಬೇಕಿತ್ತು. ಹಾರ್ಟ್ ತೊಂದ್ರೆ ಏನಾದ್ರೂ ನಿಮ್ಮ ಮನೆತನದಲ್ಲಿ ಇದೆಯಾ?"

ಚನ್ನಕೇಶವನ ನಾಲಿಗೆ ಪಳಗಿತ್ತು. "ಛೇ ಛೇ. ನಮ್ಮ ವಂಶದಲ್ಲೇ ಇಲ್ಲ."

"ಮತ್ತೆ ನಿಮ್ಮ ತಮ್ಮ ಮೂವತ್ತೊಂದಕ್ಕೇ ಹಾರ್ಟ್ ಅಟ್ಯಾಕಲ್ಲಿ ಹೋದ್ರಂತಲ್ಲ?"

"ಅದು... ಅವ್ನು ಹೊರಗಡೆ ಊಟ ಜಾಸ್ತಿ ಮಾಡ್ತಿದ್ದ... ಟೆನ್ಷನ್ನು..." ಎಂದ ಚನ್ನಕೇಶವ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದವರು, ಒಂದು ಸುಳ್ಳು ಇನ್ನೊಂದರ ಕಾಲು ತುಳಿದರೆ ಏನು ಮಾಡಬೇಕೆಂದು ಹೇಳಿಕೊಡಲಿಲ್ಲ.

"ಹಾರ್ಟಲ್ಲ" ಎಂದಳು ಕುಸುಮಾ.

ಉಪ್ಪಿಟ್ಟಿನ ಪಾತ್ರೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ದನಿ ಏರಿರಲಿಲ್ಲ. ಉಪ್ಪಿಟ್ಟು ಇನ್ನೊಂದು ಸ್ವಲ್ಪ ಬೇಕಾ ಎಂದು ಕೇಳುವಂತೆಯೇ ಮಾತಾಡಿದಳು.

"ನನ್ನ ಮೈದುನನ ಹಾರ್ಟ್ ಚೆನ್ನಾಗೇ ಇತ್ತು. ಅವನಿಗಿದ್ದಿದ್ದು ಮನಸ್ಸಿನ ಕಾಯಿಲೆ. ಮಾತ್ರೆ ತಗೊಂಡು ಎರಡು ವರ್ಷ ನಮ್ಮ ನಿಮ್ಮ ಹಂಗೇ ಇದ್ದ. ಹೆಣ್ಣಿನ ಕಡೆಯವ್ರಿಗೆ ಗೊತ್ತಾಗ್ಬಾರ್ದು ಅಂತ ಮಾತ್ರೆ ನಿಲ್ಲಿಸಿದ್ವಿ. ನಾನೇ ಎಸ್ದಿದ್ದು. ಆಮೇಲೆ ಅವನೇ ಜೀವ ಕಳ್ಕೊಂಡ. ನನ್ನ ಮಗಳಿಗೂ ಅದೇ ಇದೆ ಅನ್ಸುತ್ತೆ. ಇವತ್ತಿಗೆ ನಾಲ್ಕು ದಿನ ಆಯ್ತು ಅವಳು ನಿದ್ದೆ ಮಾಡಿ. ಅವಳನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ಬೇಕು. ನೀವು ಬೇಜಾರು ಮಾಡ್ಕೋಬೇಡಿ, ತಿಂಡಿ ಮುಗಿಸ್ಕೊಂಡೇ ಹೋಗಿ."

ಯಾರೂ ಮುಗಿಸಲಿಲ್ಲ. "ಮೊದ್ಲೇ ಗೊತ್ತಾಗಿದ್ದು ಒಳ್ಳೇದಾಯ್ತು" ಎಂದು ನಾಗೇಂದ್ರ ಚಪ್ಪಲಿ ಹುಡುಕಿದ. ಗೇಟು ಮುಚ್ಚಿದ ಸದ್ದು ಕೇಳಿದ್ದೇ ಲಕ್ಷ್ಮಿದೇವಮ್ಮ ಬಾಯಿ ತೆಗೆದರು.

"ಹಾಳಾದೋಳೆ, ಮನೆ ಮಾನ ಬೀದಿಗೆ ಚೆಲ್ಲಿದ್ಯಲ್ಲೇ! ಇನ್ನು ಈ ಮಗೂನ ಯಾರು ಕಟ್ಕೋತಾರೆ? ಹುಚ್ಚರ ವಂಶ ಅಂತ ಊರೆಲ್ಲ ಆಡ್ಕೊಳ್ಳಲ್ವಾ?"

"ಆಡ್ಕೊಳ್ಳಿ ಅತ್ತೆ. ಆಡ್ಕೊಳ್ಳೋದು ಕೇಳಕ್ಕೆ ಮಗು ಇರುತ್ತಲ್ಲ. ಮಧೂಗೆ ಅದೂ ಕೇಳ್ಸಲ್ಲ."

"ಮಾತು ಕಲ್ತಿದೀಯ."

"ಒಂಬತ್ತು ವರ್ಷ ಮಾನ ಕಾಯ್ದೆ. ನೀವು ಹೇಳಿದಂಗೇ ಕೇಳ್ದೆ. ಮಾನ ಉಳ್ಕೊಳ್ತು, ಹುಡುಗ ಉಳೀಲಿಲ್ಲ. ಇದೊಂದು ಸಲ ನಾನು ಕೇಳಲ್ಲ." ಅವಳು ಪಾತ್ರೆ ಕೆಳಗಿಟ್ಟು ಅಡುಗೆಮನೆಗೆ ಹೋದಳು. ಅಕ್ಕಿ ಡ್ರಮ್ಮನ್ನು ಓರೆ ಮಾಡಿ ಅಡಿಯಿಂದ ಫೈಲು ಎಳೆದಳು. ರಟ್ಟು ಹುಳು ತಿಂದಿತ್ತು. ಹಿಂದೆ ಮಾತ್ರೆ ಡಬ್ಬಿಯ ಜೊತೆಗೇ ಇದ್ದ ಒಳಗಿನ ಚೀಟಿಗಳಿಗೆ ಇನ್ನೂ ಹಿಂಗಿನ ವಾಸನೆಯಿತ್ತು. ಹಾಲಿಗೆ ಬಂದು ಡಾಕ್ಟರಿಗೆ ಫೋನ್ ಮಾಡಿದಳು. ಈಗಲೇ ಬನ್ನಿ, ಕ್ಲಿನಿಕ್ ತೆಗೆಸುತ್ತೇನೆ ಎಂದರು ಅವರು.

ಚನ್ನಕೇಶವ ಕಾರಿನ ಕೀ ತೆಗೆದುಕೊಂಡ. ಕೋಪವೋ ನಾಚಿಕೆಯೋ ಅವನ ಮುಖ ನೋಡಿ ಹೇಳುವಂತಿರಲಿಲ್ಲ. ಇನ್ನೇನು ಹೊರಡಬೇಕು, ಮುಂದಿನ ಬಾಗಿಲು ತೆಗೆದು ಲಕ್ಷ್ಮಿದೇವಮ್ಮ ಹತ್ತಿ ಕೂತರು. ಬರಬೇಡಿ ಎನ್ನಲು ಯಾರಿಗೂ ಧೈರ್ಯವಾಗಲಿಲ್ಲ.

ಹಿಂದಿನ ಸೀಟಿನಲ್ಲಿ ಸ್ಪಂದನ ಚಡಪಡಿಸುತ್ತಿದ್ದಳು. ಕಿಟಕಿ ಇಳಿಸುವುದು, ಏರಿಸುವುದು. ವಿಜಯನಗರ ದಾಟುವಾಗ ತಟ್ಟನೆ ತಿರುಗಿದಳು. "ಚಿಕ್ಕಪ್ಪಂಗೂ ಹಿಂಗೇ ಇತ್ತಾ?"

"ಹೂಂ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ ಅಮ್ಮ? ಮೂರು ತಿಂಗಳು ಗೋಡೆ ನೋಡ್ಕೊಂಡು ಮಲ್ಗಿದ್ದೆ. ಇಡೀ ಪ್ರಪಂಚದಲ್ಲಿ ನಾನೊಬ್ಳೇ ಹಿಂಗೆ ಅಂದ್ಕೊಂಡಿದ್ದೆ."

ಕುಸುಮಾ ತೊಡೆಯ ಮೇಲಿದ್ದ ಫೈಲನ್ನು ಇನ್ನಷ್ಟು ಒತ್ತಿ ಹಿಡಿದಳು. ಯಾಕೆ ಹೇಳಲಿಲ್ಲ ಎಂಬುದಕ್ಕೆ ಓದುವ ನಿಮ್ಮ ಹತ್ತಿರ ಉತ್ತರವಿದ್ದರೆ ಹೇಳಿ.

ಈ ಸಲ ಕಾರು ಕ್ಲಿನಿಕ್ಕಿನ ಮುಂದೆಯೇ ನಿಂತಿತು. ಡಾಕ್ಟರ್ ಸ್ಮೃತಿ ಹಳೆಯ ಚೀಟಿಗಳನ್ನು ಒಂದೊಂದಾಗಿ ಬಿಡಿಸಿ ಓದಿದರು. ಒಂದು ಮಾತ್ರೆಯ ಹೆಸರಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು. "ಇದು ಅವರಿಗೆ ಹಿಡಿದಿತ್ತು. ಮೊದಲ ದಿನವೇ ಇದು ನನ್ನ ಕೈಲಿದ್ದಿದ್ರೆ ನಾನು ಕೊಟ್ಟ ಮಾತ್ರೇನ ಹಾಗೆ ಕೊಡ್ತಿರ್ಲಿಲ್ಲ. ಬರೀ ಮಂಕು ಅಂತ ಆ ಮಾತ್ರೆ ಒಂದನ್ನೇ ಕೊಟ್ರೆ ಇಂಥವ್ರನ್ನ ಅದು ಹೀಗೆ ಅತಿಯಾಗಿ ಎಬ್ಬಿಸಿಬಿಡ್ಬಹುದು. ಈಗ್ಲೂ ತಡವಾಗಿಲ್ಲ. ಕೆಲವು ದಿನ ಆಸ್ಪತ್ರೇಲಿ ಇರ್ಬೇಕಾಗುತ್ತೆ, ಆಮೇಲೆ ಮನೇಲೇ ಔಷಧಿ." ಪೆನ್ನು ತೆಗೆದುಕೊಂಡರು. "ಇವರಿಗಿಂತ ಹಿಂದೆ ಯಾರಿಗಾದ್ರೂ?"

"ಇಲ್ಲ ಮೇಡಂ, ಇವನೊಬ್ಬನೇ. ಅದಕ್ಕೂ ಮುಂಚೆ ನಮ್ಮ ವಂಶದಲ್ಲೇ..." ಚನ್ನಕೇಶವ ಶುರುಮಾಡಿದ.

"ಸುಮ್ನಿರೋ" ಎಂದರು ಲಕ್ಷ್ಮಿದೇವಮ್ಮ.

ಮೂಲೆಯ ಕುರ್ಚಿಯಲ್ಲಿ ಸೆರಗು ಹೊದ್ದು ಕೂತಿದ್ದರು. ಮಂಜುಗಣ್ಣು ಡಾಕ್ಟರ ಕಡೆ ತಿರುಗಿತು.

"ನಮ್ಮಣ್ಣ ಕಾಶಿಗೆ ಹೋಗ್ಲಿಲ್ಲ ಡಾಕ್ಟ್ರಮ್ಮ."

ಚನ್ನಕೇಶವ ತಾಯಿಯ ಕಡೆ ತಿರುಗಿದ.

"ಮಲಗಿದ್ರೆ ಮಲಗೇ ಇರೋನು. ಎದ್ರೆ ನಾಲ್ಕು ಜನದ ಕೆಲ್ಸ ಒಬ್ನೇ ಮಾಡೋನು, ರಾತ್ರಿ ಹಗಲು ಪದ ಹೇಳೋನು. ನಮ್ಮಪ್ಪ ಅವನನ್ನ ದನದ ಕೊಟ್ಟಿಗೇಲಿ ಕಟ್ಟಿಹಾಕಿದ್ರು. ಊರವ್ರಿಗೆ ಕಾಶಿಗೆ ಹೋದ ಅಂದ್ರು. ಮನೇಲಿ ಬೆಳೆದ ಹೆಣ್ಣಿತ್ತಲ್ಲ, ನಾನು. ನನ್ನ ಮದ್ವೆ ಆಗ್ಬೇಕಿತ್ತು. ನಾಲ್ಕು ವರ್ಷ ನಾನೇ ಮುದ್ದೆ ಹಾಕಿದ್ದು ಅವನಿಗೆ. ನನ್ನ ನೋಡಕ್ಕೆ ಗಂಡಿನವ್ರು ಬಂದ ದಿನ ಪದ ಹೇಳಾನು ಅಂತ ಬಾಯಿಗೆ ಬಟ್ಟೆ ತುರುಕಿದ್ರು. ನಾನು ಹಾಲಿನ ಲೋಟ ಹಿಡ್ಕೊಂಡು ನಡುಮನೇಲಿ ನಿಂತಿದ್ದೆ. ಒಪ್ಕೊಂಡು ಹೋದ್ರು. ಸಂಜೆ ಹೋಗಿ ಬಿಚ್ಚಿ ನೋಡಿದ್ರೆ..." ಮುದುಕಿ ನಿಲ್ಲಿಸಿದರು. ಕುರ್ಚಿಯ ತೋಳನ್ನು ಸವರಿದರು. "ತಿಥಿ ಕೂಡ ಮಾಡ್ಲಿಲ್ಲ. ಕಾಶೀಲಿರೋನಿಗೆ ಯಾಕೆ ತಿಥಿ?"

ಕಿಟಕಿಯ ಹತ್ತಿರ ಅಡ್ಡಾಡುತ್ತಿದ್ದ ಸ್ಪಂದನ ಬಂದು ಅಜ್ಜಿಯ ಕಾಲ ಬಳಿ ನೆಲದ ಮೇಲೆ ಕೂತಳು. ಅಜ್ಜಿಯ ಕೈ ಅವಳ ತಲೆಯನ್ನು ಹುಡುಕಿಕೊಂಡಿತು. ಚನ್ನಕೇಶವ ಎರಡು ಅಂಗೈಯಲ್ಲೂ ಮುಖ ಮುಚ್ಚಿಕೊಂಡಿದ್ದ. ಕುಸುಮಾಳಿಗೆ ತನ್ನ ಬೆರಳು ನೋಯುತ್ತಿರುವುದು ಗೊತ್ತಾಯಿತು. ಫೈಲಿನ ರಟ್ಟನ್ನು ಎಷ್ಟು ಹೊತ್ತಿನಿಂದ ಹಿಂಡುತ್ತಿದ್ದಳೋ. ನೋವು ಮೊಣಕೈಯ ತನಕ ಏರಿತ್ತು. ಅವಳು ಬಿಡಲಿಲ್ಲ. ಬಹಳ ದಿನದ ಮೇಲೆ ಬಂದ ನೋವು.

ಡಾಕ್ಟರು ಇನ್ನೂ ಏನೂ ಬರೆದುಕೊಂಡಿರಲಿಲ್ಲ.

"ಬರ್ಕೊಳ್ಳಿ ಡಾಕ್ಟ್ರಮ್ಮ" ಎಂದರು ಲಕ್ಷ್ಮಿದೇವಮ್ಮ. "ಹೆಸ್ರು ಸಮೇತ ಬರ್ಕೊಳ್ಳಿ. ನಮ್ಮಣ್ಣ ಗೂಳಪ್ಪ. ನನ್ನ ಮಗ ಮಧುಕುಮಾರ. ಈ ಮಗು ಹೆಸ್ರು ನಿಮಗೇ ಗೊತ್ತು. ನಮ್ಮ ವಂಶದಲ್ಲಿ ಇದೆ."